ರದ್ದಿಗೆ ಹೋಗಬಾರದ ದಫ್ತರ

ಜೋಗೇಶ್ವರಿಯ ಗುಡ್ಡದ ಮೇಲೆ 1930ರಲ್ಲಿ ಸ್ಥಾಪನೆಗೊಂಡ ಇಸ್ಮಾಯಿಲ್ ಯೂಸುಫ್ ಕಾಲೇಜನ್ನು ಈ ಉಪನಗರದ ನಮ್ಮ ವಾಚಕರೆಲ್ಲರೂ ಬಲ್ಲರು. ಕಟ್ಟಡವನ್ನು ಕಾಣುವುದು ಸುಲಭ. ಆದರೆ ಅದರೊಳಗೆ ಯಾರು ಕಲಿತರು, ಯಾರು ಕಲಿಸಿದರು ಎಂಬುದನ್ನು ಕಲ್ಲುಗೋಡೆ ಹೇಳಲಾರದು. ಅದನ್ನು ಹೇಳತಕ್ಕವು ದಾಖಲಾತಿಯ ಪುಸ್ತಕ, ಸಭೆಯ ನಡವಳಿ ಮತ್ತು ಪತ್ರವ್ಯವಹಾರ. ವಿದ್ಯೆಯ ಇತಿಹಾಸವು ದಫ್ತರದಲ್ಲಿ ಉಳಿಯುತ್ತದೆ, ದಫ್ತರದೊಡನೆಯೇ ಅಳಿಯುತ್ತದೆ.

ಇದನ್ನರಿತ ಸಂಸ್ಥೆಗಳು ಈ ನಗರದಲ್ಲಿಯೇ ಇವೆ. 1945ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಅದೇ ವರ್ಷ ಮುಂಬಯಿಗೆ ಬಂದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು ನಮ್ಮ ದೇಶದಲ್ಲಿಯೇ ರಚಿತವಾದ ಮೊದಲ ಗಣಕಯಂತ್ರಗಳಲ್ಲೊಂದನ್ನು ಕಟ್ಟಿತು. 1960ರಲ್ಲಿ ಕಾರ್ಯಾರಂಭ ಮಾಡಿದ ಆ ಯಂತ್ರಕ್ಕೆ 1962ರಲ್ಲಿ ಪಂಡಿತ ನೆಹರೂರವರು ‘ಟಿಫ್ರ್ಯಾಕ್’ ಎಂದು ಹೆಸರಿಟ್ಟರು. ಅದರಲ್ಲಿ ಸುಮಾರು 2,700 ನಿರ್ವಾತ ನಳಿಕೆಗಳಿದ್ದುವು. ಕೆಲವೇ ವರ್ಷಗಳಲ್ಲಿ ಅದರ ಕಾಲ ಮುಗಿಯಿತು. ಅದನ್ನು ಕಟ್ಟಿದ ಬಗೆಯನ್ನು ನಾವಿಂದು ಅರಿಯುವುದು ಉಳಿದ ಕಾಗದಗಳಿಂದ, ಛಾಯಾಚಿತ್ರಗಳಿಂದ. ಸಂಸ್ಥೆಯು ಇಂತಹವುಗಳಿಗಾಗಿ ಪತ್ರಾಗಾರವನ್ನೇ ಇರಿಸಿಕೊಂಡಿದೆ. ಕನ್ನಡದ ಕೀಲಿಮಣೆಯನ್ನು ರೂಪಿಸಿದ ಕಿನ್ನಿಕಂಬಳದ ಕೆ. ಪಿ. ರಾಯರೂ ಇದೇ ಸಂಸ್ಥೆಯಲ್ಲಿ ದುಡಿದವರೆಂಬುದು ನಮಗೆ ಹೆಮ್ಮೆಯ ಸಂಗತಿ.

ಹಾಗಾದರೆ ನಮ್ಮವರ ವಿದ್ಯೆಯ ದಫ್ತರವನ್ನು ಕಾಯುವವರಾರು? ಹಗಲು ಮೇಜು ಒರೆಸಿ, ರಾತ್ರಿ ಕನ್ನಡ ಶಾಲೆಯ ಬೆಂಚಿನಲ್ಲಿ ಕುಳಿತು, ಎಸ್.ಎಸ್.ಸಿ. ಮುಗಿಸಿ ಬ್ಯಾಂಕಿನ ಗುಮಾಸ್ತರಾದ ಉಡುಪಿ, ಕುಂದಾಪುರದ ಹುಡುಗರ ಕಥೆ ಯಾವ ವಿಶ್ವವಿದ್ಯಾನಿಲಯದ ಚರಿತ್ರೆಗೂ ಕಡಮೆಯದಲ್ಲ. 1902ರಷ್ಟು ಹಿಂದೆ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿಯಂತಹ ಸಂಘಗಳು ಈ ರಾತ್ರಿಶಾಲೆಗಳನ್ನು ಪೋಷಿಸಿದುವು. ಆದರೆ ಶಾಲೆ ಮುಚ್ಚಿತೆಂದರೆ, ಸಂಘದ ಕೋಣೆ ಬದಲಾಯಿತೆಂದರೆ, ಹಳೆಯ ಪುಸ್ತಕಗಳು ಕಿಲೋ ಲೆಕ್ಕದಲ್ಲಿ ರದ್ದಿಯವನ ತಕ್ಕಡಿ ಏರುತ್ತವೆ. ಹತ್ತು ವರ್ಷದ ಹಿಂದಿನ ಉದ್ರಿ ಪುಸ್ತಕವನ್ನು ಜೋಪಾನವಾಗಿಡುವ ನಾವು, ನೂರಾರು ಹುಡುಗರ ಹೆಸರಿರುವ ಹಾಜರಿ ಪುಸ್ತಕವನ್ನು ಕಸವೆಂದು ಬಗೆಯುವುದು ಎಂತಹ ವಿವೇಕ?

ಇದು ಬರಿಯ ಅಭಿಮಾನದ ಮಾತಲ್ಲ. ಜನ್ಮದಿನಾಂಕದ ವಿಷಯದಲ್ಲಿ ತಕರಾರು ಬಂದಾಗ, ಶಾಲೆ ಬಿಟ್ಟ ಪ್ರಮಾಣಪತ್ರ ಕಳೆದುಹೋದಾಗ, ಬಡ ನೌಕರನಿಗೆ ಶಾಲೆಯ ಮೂಲ ರಿಜಿಸ್ಟರೇ ಆಧಾರ. ಅದು ಹೋದರೆ ಅವನ ಪಿಂಚಣಿಯ ಕೆಲಸವೂ ಕಚೇರಿಯಿಂದ ಕಚೇರಿಗೆ ಅಲೆಯಬೇಕಾದೀತು.

‘ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿದರಾಯಿತು’ ಎನ್ನುವವರಿದ್ದಾರೆ. ಹಾಕಲಿ, ಆದರೆ ಅಷ್ಟಕ್ಕೇ ನಿಶ್ಚಿಂತರಾಗದಿರಲಿ. ಯೂನಿಕೋಡಿನಲ್ಲಿ 1991ರಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ, ಆಮೇಲೆಯೂ ಬಹುಕಾಲ ನಮ್ಮವರು ಬೇರೆ ಬೇರೆ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದರು. ಆ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ಅಂತಹ ಕಡತವನ್ನು ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಗುರುತುಗಳು ಕಾಣುತ್ತವೆ. ಫ್ಲಾಪಿಗಳನ್ನು ಓದುವ ಯಂತ್ರಗಳೂ ಅಪರೂಪವಾಗಿವೆ. ಕಾಗದವನ್ನಾದರೋ ಕಣ್ಣಿದ್ದವನು ಓದಬಲ್ಲನು. ಆದುದರಿಂದ ಪ್ರತಿಯನ್ನು ಯಂತ್ರದಲ್ಲಿರಿಸಿದ ಮೇಲೆಯೂ ಮೂಲವನ್ನು ಎಸೆಯಬಾರದು.

ಸ್ಥಳಾಭಾವದ ಈ ಮುಂಬಯಿಯಲ್ಲಿ ಸಂಘಗಳ ಕಷ್ಟವನ್ನು ನಾವು ಬಲ್ಲೆವು. ಆದರೆ ಬೇಕಾಗಿರುವುದು ಅರಮನೆಯಲ್ಲ, ಒಂದು ಉಕ್ಕಿನ ಕಪಾಟು. ಅದರ ವೆಚ್ಚವನ್ನು ಹೋಟೆಲು ಮಾಲಿಕರು ವಹಿಸಲಿ. ಕಡತಗಳ ಮರ್ಮವನ್ನು ಬಲ್ಲ ಗುಮಾಸ್ತ ಬಂಧುಗಳು ಕೆಲವು ಭಾನುವಾರಗಳನ್ನಿತ್ತು ಪುಸ್ತಕಗಳ ಪಟ್ಟಿ ಮಾಡಲಿ. ತರುಣ ಕಾರ್ಮಿಕರು ಮೊಬೈಲಿನಿಂದ ಪುಟಪುಟದ ಚಿತ್ರ ತೆಗೆದು ಎರಡು ಬೇರೆ ಸ್ಥಳಗಳಲ್ಲಿರಿಸಲಿ. ಇದೂ ಅಸಾಧ್ಯವೆಂದು ತೋರಿದ ಸಂಘವು, ರದ್ದಿಯವನನ್ನು ಕರೆಯುವ ಮೊದಲು, ಮುಂಬಯಿ ವಿಶ್ವವಿದ್ಯಾನಿಲಯದ ಕನ್ನಡ ವಿಭಾಗಕ್ಕೆ, ಇಲ್ಲವೆ ಫೋರ್ಟಿನಲ್ಲಿ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಒಂದು ಪತ್ರ ಬರೆದು ಸಲಹೆ ಕೇಳಲಿ.

ಮುಂದಿನ ವಾರ್ಷಿಕ ಮಹಾಸಭೆಗೆ ಹೋಗುವ ಪ್ರತಿಯೊಬ್ಬ ಸದಸ್ಯನೂ ಒಂದೇ ಪ್ರಶ್ನೆಯನ್ನು ಕೇಳಬೇಕೆಂದು ನಾವು ವಿನಂತಿಸುತ್ತೇವೆ: ನಮ್ಮ ಶಾಲೆಯ ಹಳೆಯ ಪುಸ್ತಕಗಳು ಎಲ್ಲಿವೆ?