ಸಿಹಿ ಗುಳಿಗೆ: ಹೆದರಿಕೆಯೂ ಬೇಡ, ಸಲಿಗೆಯೂ ಬೇಡ

ಸಕಲೇಶಪುರ ತಾಲ್ಲೂಕಿನ ಆನೇಮಹಲ್ ಇರಲಿ, ಪಕ್ಕದ ಆಲೂರಿನ ಯಾವುದೇ ಹಳ್ಳಿ ಇರಲಿ, ಮನೆಗೆ ಬಂದವರನ್ನು ಕಾಫಿ ಕೊಡದೆ ಕಳಿಸುವ ಪದ್ಧತಿ ಇಲ್ಲ. ನಾಲ್ಕು ಮನೆಗೆ ಹೋದರೆ ನಾಲ್ಕು ಲೋಟ. ಸಕ್ಕರೆ ಕಾಯಿಲೆ ಇರುವವರು ಜೇಬಿನಿಂದ ಪುಟ್ಟ ಡಬ್ಬಿ ತೆಗೆದು ಲೋಟಕ್ಕೊಂದು ಗುಳಿಗೆ ಹಾಕಿಕೊಳ್ಳುತ್ತಾರೆ. 'ಅದರಿಂದ ಕ್ಯಾನ್ಸರ್ ಬರುತ್ತದಂತೆ' ಎಂದು ಪಕ್ಕದಲ್ಲಿದ್ದವರು ಹೆದರಿಸುತ್ತಾರೆ. ಇದರಲ್ಲಿ ನಿಜವೆಷ್ಟು?

ಈ ಭಯ ಹಳೆಯದು. 1879ರಲ್ಲಿ ಪತ್ತೆಯಾದ ಸ್ಯಾಕರಿನ್ ಇಲಿಗಳ ಮೂತ್ರಕೋಶದಲ್ಲಿ ಗಂಟು ಉಂಟುಮಾಡಿತೆಂದು 1977ರಲ್ಲಿ ಅಮೆರಿಕ ಅದನ್ನು ನಿಷೇಧಿಸಲು ಹೊರಟಿತ್ತು. ಆದರೆ ಇಲಿಗಳಲ್ಲಿ ಕಂಡ ಈ ತೊಂದರೆ ಮನುಷ್ಯರಿಗೆ ಅನ್ವಯಿಸದು ಎಂದು ಮುಂದೆ ತಿಳಿಯಿತು. 2000ದಲ್ಲಿ ಡಬ್ಬಿಯ ಮೇಲಿನ ಎಚ್ಚರಿಕೆಯನ್ನೂ ತೆಗೆಯಲಾಯಿತು. 2023ರ ಜುಲೈನಲ್ಲಿ ಇನ್ನೊಂದು ಸಿಹಿಕಾರಕವಾದ ಆಸ್ಪರ್ಟೇಮನ್ನು 'ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದಾದ' ಪಟ್ಟಿಗೆ ಸೇರಿಸಲಾಯಿತು. ಈ ಪಟ್ಟಿಗೆ ಅಲ್ಪಸ್ವಲ್ಪ ಪುರಾವೆ ಇದ್ದರೂ ಸಾಕು. ಅದೇ ವೇಳೆ ತಜ್ಞರ ಸಮಿತಿ, ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನು ಬದಲಿಸಲಿಲ್ಲ. 60 ಕಿಲೋ ತೂಗುವವರಿಗೆ ಇದು 2400 ಮಿಲಿಗ್ರಾಂ. ಒಂದು ಗುಳಿಗೆಯಲ್ಲಿ ಇರುವುದು ಸಾಮಾನ್ಯವಾಗಿ 20 ಮಿಲಿಗ್ರಾಂ ಆಸುಪಾಸು. ಲೆಕ್ಕ ನೀವೇ ಹಾಕಿ.

ಹಾಗೆಂದು ಇದು ಎಲ್ಲರಿಗೂ ಹೊಂದುವ ವಸ್ತುವಲ್ಲ. ಫಿನೈಲ್‌ಕೀಟೋನೂರಿಯ ಎಂಬ ಅಪರೂಪದ ಆನುವಂಶಿಕ ತೊಂದರೆ ಇರುವವರು ಆಸ್ಪರ್ಟೇಮ್ ಮುಟ್ಟಬಾರದು. ಚಿಕ್ಕ ಮಕ್ಕಳ ಹಾಲಿಗೆ ಗುಳಿಗೆ ಹಾಕುವುದು ಬೇಡ. ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಬಳಸಬೇಕು. ಸಕ್ಕರೆರಹಿತ ಚಾಕಲೇಟು, ಬಿಸ್ಕತ್ತುಗಳಲ್ಲಿರುವ ಸಾರ್ಬಿಟಾಲ್, ಮಾಲ್ಟಿಟಾಲ್ ಹೆಚ್ಚಾದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗಬಹುದು.

ನನ್ನ ಅಭಿಪ್ರಾಯದಲ್ಲಿ ದೊಡ್ಡ ಅಪಾಯ ಗುಳಿಗೆಯಲ್ಲಿಲ್ಲ, ಅದು ಕೊಡುವ ಹುಸಿ ಧೈರ್ಯದಲ್ಲಿದೆ. ಕಾಫಿಗೆ ಸಕ್ಕರೆ ಬಿಟ್ಟೆನಲ್ಲ ಎಂದು ಎರಡು ಕಡುಬು ಹೆಚ್ಚಿಗೆ ತಿನ್ನುತ್ತೇವೆ. ಅಕ್ಕಿ ರೊಟ್ಟಿ, ಕಡುಬು ಎರಡೂ ಹೊಟ್ಟೆಗೆ ಹೋದ ಮೇಲೆ ಸಕ್ಕರೆಯೇ. 'ಶುಗರ್ ಫ್ರೀ' ಎಂದು ಬರೆದ ಸಿಹಿತಿಂಡಿಯಲ್ಲಿ ಮೈದಾ, ತುಪ್ಪ ಹಾಗೆಯೇ ಇರುತ್ತವೆ. ಬೆಲ್ಲ, ಜೇನುತುಪ್ಪವಾದರೆ ಪರವಾಗಿಲ್ಲ ಎಂಬುದೂ ತಪ್ಪು. ತೂಕ ಇಳಿಸಲು ಇಂಥ ಸಿಹಿಕಾರಕಗಳನ್ನು ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಹೇಳಿತು. ಆ ಸಲಹೆ ಈಗಾಗಲೇ ಮಧುಮೇಹ ಇರುವವರಿಗಲ್ಲ. ಆದ್ದರಿಂದ ಅವರು ಗಾಬರಿಯಿಂದ ಡಬ್ಬಿ ಎಸೆಯಬೇಕಿಲ್ಲ.

ಮನೆಮಂದಿಯೆಲ್ಲ ನೆನಪಿಡಬೇಕಾದ ಇನ್ನೊಂದು ಮಾತಿದೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಂಡು, ತಿಂಡಿ ತಡವಾಗಿ, ತೋಟದ ಏರು ಹತ್ತಿದವರಿಗೆ ಒಮ್ಮೆಲೇ ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ಅದು ರಕ್ತದಲ್ಲಿ ಸಕ್ಕರೆ ಕುಸಿದ ಲಕ್ಷಣವಿರಬಹುದು. ಆಗ ಗುಳಿಗೆ ಹಾಕಿದ ಕಾಫಿ ಕೊಟ್ಟರೆ ಪ್ರಯೋಜನವಿಲ್ಲ. ನಾಲಿಗೆಗೆ ಸಿಹಿಯಾದರೂ ರಕ್ತಕ್ಕೆ ಅದು ಬರೀ ನೀರು. ಮೂರು ನಾಲ್ಕು ಚಮಚ ನಿಜವಾದ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. ಹದಿನೈದು ನಿಮಿಷದಲ್ಲಿ ಚೇತರಿಸದಿದ್ದರೆ ಮತ್ತೆ ಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ತಕ್ಷಣ ಆಸ್ಪತ್ರೆಗೆ ಸಾಗಿಸಿ. ಆಸ್ಪತ್ರೆ ದೂರವಿರುವ ಮಲೆನಾಡಿನಲ್ಲಿ ಗುಳಿಗೆ ಡಬ್ಬಿಯ ಜೊತೆ ಒಂದು ಪೊಟ್ಟಣ ಸಕ್ಕರೆಯೂ ಜೇಬಿನಲ್ಲಿರಲಿ.

ಉಳಿದಂತೆ, ಗುಳಿಗೆಯನ್ನು ಊರುಗೋಲಿನಂತೆ ಬಳಸಿ. ಈ ವಾರ ಎರಡಿದ್ದದ್ದು ಒಂದಾಗಲಿ, ಮುಂದೆ ಅರ್ಧವಾಗಲಿ. ಕೆಲವೇ ವಾರಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ. ನಮ್ಮ ತೋಟದ ಕಾಫಿಯ ನಿಜವಾದ ರುಚಿ ಆಗಲೇ ನಿಮಗೆ ಗೊತ್ತಾಗುವುದು.