ಸದ್ದಿಲ್ಲದ ನಗಾರಿ

ಮಗಳು ವೀಣೆ ಕಲಿಯುತ್ತೇನೆಂದರೆ ಮನೆಯವರಿಗೆ ಹೆಮ್ಮೆ. ಮಗ ಕೊಳಲು ಕಲಿಯುತ್ತೇನೆಂದರೆ ನೆರೆಯವರಿಗೂ ಸಂತೋಷ. ಆದರೆ ಇಬ್ಬರಲ್ಲಿ ಯಾರಾದರೊಬ್ಬರು ‘ಡ್ರಮ್ ಕಲಿಯುತ್ತೇನೆ’ ಎಂದು ಬಾಯಿ ತೆರೆದರೆ ಸಾಕು, ತಂದೆಯ ಹಣೆಯಲ್ಲಿ ಗೆರೆಗಳು ಮೂಡುತ್ತವೆ. ತಾಯಿಯ ದೃಷ್ಟಿ ಕೆಳಗಿನ ಮನೆಯವರ ಕಿಟಕಿಯ ಕಡೆಗೆ ಹರಿಯುತ್ತದೆ. ತಾಳವಾದ್ಯದ ಪಾಲಿಗೆ ಬಂದಿರುವ ಈ ಅಪಕೀರ್ತಿ ಪೂರ್ಣ ನ್ಯಾಯವಾದದ್ದಲ್ಲ, ಪೂರ್ಣ ಅನ್ಯಾಯವಾದದ್ದೂ ಅಲ್ಲ. ಪಾಶ್ಚಾತ್ಯ ಮಾದರಿಯ ಡ್ರಮ್ ಸೆಟ್ಟನ್ನು ತಕ್ಕಮಟ್ಟಿನ ಬಿರುಸಿನಿಂದ ಬಾರಿಸಿದರೂ ಅದರ ಸದ್ದು 100 ಡೆಸಿಬೆಲ್ ದಾಟುತ್ತದೆ. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳಾದರೋ ವಸತಿ ಪ್ರದೇಶಗಳಿಗೆ ಗೊತ್ತುಮಾಡಿರುವ ಮಿತಿ ಹಗಲಿನಲ್ಲಿ 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45. ಗೋಡೆಗೆ ಗೋಡೆ ತಾಗಿದ ಮನೆಗಳಲ್ಲಿ ಈ ಅಂಕಿಗಳ ನಡುವೆ ಸಂಧಾನ ನಡೆಸುವುದು ಶ್ರೀಕೃಷ್ಣನಿಗೂ ಸುಲಭವಲ್ಲ.

ಈ ಇಕ್ಕಟ್ಟಿನಿಂದ ಪಾರುಮಾಡಲು ಬಂದದ್ದು ವಿದ್ಯುನ್ಮಾನ ಡ್ರಮ್ ಪ್ಯಾಡ್. ಗಣೇಶೋತ್ಸವದ ಚಪ್ಪರದಲ್ಲಿ ಆರ್ಕೆಸ್ಟ್ರಾ ನೋಡಿದವರಿಗೆಲ್ಲ ಇದು ಪರಿಚಿತವೇ. ವೇದಿಕೆಯ ಒಂದು ಮೂಲೆಯಲ್ಲಿ ಯುವಕನೊಬ್ಬ ನಿಂತು, ಪೆಟ್ಟಿಗೆಯಂಥ ಕಪ್ಪು ಹಲಗೆಯ ಮೇಲೆ ಎರಡು ಕಡ್ಡಿಗಳಿಂದ ಬಾರಿಸುತ್ತಿರುತ್ತಾನೆ. ಅದರೊಳಗಿನಿಂದ ತಬಲಾ, ಢೋಲಕ್, ತಮಟೆ, ಡ್ರಮ್ ಎಲ್ಲವೂ ಹೊರಡುತ್ತವೆ. ನಮ್ಮ ಕಡೆಯ ವಾದ್ಯಗಾರರು ಇದನ್ನು ರಿದಂ ಪ್ಯಾಡ್ ಎನ್ನುತ್ತಾರೆ, ಆಕ್ಟೋಪ್ಯಾಡ್ ಎಂದೂ ಕರೆಯುತ್ತಾರೆ. ವಿದ್ಯುತ್ತಿನ ವಾದ್ಯವೆಂದ ಮಾತ್ರಕ್ಕೆ ಮೂಗು ಮುರಿಯಬೇಕಾಗಿಲ್ಲ. ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ವಿದ್ಯುನ್ಮಾನ ತಂಬೂರಿಯನ್ನು ರೂಪಿಸಿದರು. ಇಂದು ಅದರ ಶ್ರುತಿಯಲ್ಲಿ ಹಾಡದ ಸಂಗೀತದ ಮನೆ ಅಪರೂಪ. ಪ್ರಶ್ನೆ ವಿದ್ಯುತ್ತಿನದಲ್ಲ, ಆಯ್ಕೆಯದು. ಮಿತವಾದ ಹಣದಲ್ಲಿ, ಮನೆಯ ಅಭ್ಯಾಸಕ್ಕೂ ಅಷ್ಟಿಷ್ಟು ಧ್ವನಿಮುದ್ರಣಕ್ಕೂ ಒದಗುವಂಥದನ್ನು ಆರಿಸುವುದು ಹೇಗೆ?

ಆರಿಸುವ ಮುನ್ನ ಅದರ ಒಳಗುಟ್ಟನ್ನು ಸ್ವಲ್ಪ ತಿಳಿಯುವುದು ಒಳ್ಳೆಯದು. ಬಹುಪಾಲು ಪ್ಯಾಡುಗಳಲ್ಲಿ ರಬ್ಬರಿನ ಹಾಸಿನ ಕೆಳಗೆ ನಾಣ್ಯದಂಥ ಒಂದು ತೆಳು ಬಿಲ್ಲೆ ಇರುತ್ತದೆ. ಕೆಲವು ಸ್ಫಟಿಕಗಳನ್ನು ಒತ್ತಿದರೆ ಅವುಗಳಲ್ಲಿ ವಿದ್ಯುತ್ತು ಹುಟ್ಟುತ್ತದೆಂಬುದನ್ನು ಫ್ರಾನ್ಸಿನ ಕ್ಯೂರಿ ಸೋದರರು 1880ರಲ್ಲಿ ಕಂಡುಹಿಡಿದರು. ಈ ಬಿಲ್ಲೆಯ ಗುಣವೂ ಅದೇ. ಪೆಟ್ಟು ಬಿದ್ದೊಡನೆ ಸಣ್ಣದೊಂದು ವಿದ್ಯುತ್ ಮಿಡಿತ ಹೊರಡುತ್ತದೆ. ಪೆಟ್ಟು ಬಿರುಸಾದಷ್ಟೂ ಮಿಡಿತ ದೊಡ್ಡದಾಗುತ್ತದೆ. ಯಂತ್ರವು ಅದನ್ನು ಅಳೆದು, ಯಾವ ಪ್ಯಾಡು, ಎಷ್ಟು ಬಲ ಎಂಬ ಎರಡು ಸಂಗತಿಗಳನ್ನು ಅಂಕಿಗಳಾಗಿ ಬರೆದುಕೊಳ್ಳುತ್ತದೆ. ವಾದ್ಯಯಂತ್ರಗಳು ತಮ್ಮತಮ್ಮಲ್ಲಿ ಮಾತನಾಡಿಕೊಳ್ಳುವ ಈ ಅಂಕಿಗಳ ಭಾಷೆ 1983ರಲ್ಲಿ ಬಳಕೆಗೆ ಬಂತು. ಅದರ ಹೆಸರು ಮಿಡಿ. ಹೆಸರು ಇಂಗ್ಲಿಷಿನ ನಾಲ್ಕು ಅಕ್ಷರಗಳ ಹ್ರಸ್ವರೂಪವಾದರೂ, ತಂತಿಯನ್ನು ಮಿಡಿಯುವ ಕನ್ನಡಿಗರ ಕಿವಿಗೆ ಅದು ನಮ್ಮದೇ ಕ್ರಿಯಾಪದದಂತೆ ಕೇಳಿಸುತ್ತದೆ. ಈ ಭಾಷೆಯಲ್ಲಿ ಪೆಟ್ಟಿನ ಬಲಕ್ಕೆ 1ರಿಂದ 127ರವರೆಗೆ ಮೆಟ್ಟಿಲುಗಳುಂಟು. ನವಿಲುಗರಿ ಸವರಿದಂಥ ಸ್ಪರ್ಶ ಕೆಳಗಿನ ಮೆಟ್ಟಿಲು. ತೋಳೆತ್ತಿ ಬಡಿದದ್ದು ಮೇಲಿನದು.

ಇಲ್ಲಿ ಒಂದು ಸ್ವಾರಸ್ಯವಿದೆ. ಜಪಾನಿನ ರೋಲೆಂಡ್ ಸಂಸ್ಥೆ 1985ರಲ್ಲಿ ಎಂಟು ಪ್ಯಾಡುಗಳ ಮೊದಲ ಆಕ್ಟೋಪ್ಯಾಡನ್ನು ಹೊರತಂದಾಗ ಅದಕ್ಕೆ ತನ್ನದೆಂಬ ದನಿಯೇ ಇರಲಿಲ್ಲ! ಅದು ಬಾರಿಸುವವನ ಪೆಟ್ಟುಗಳನ್ನು ಗ್ರಹಿಸಿ ಮಿಡಿಯ ಮೂಲಕ ಬೇರೆ ಯಂತ್ರಗಳಿಗೆ ಕಳುಹಿಸುತ್ತಿತ್ತು. ಸದ್ದು ಮಾಡುವ ಕೆಲಸ ಅವುಗಳದು. ಅಂದರೆ ಪ್ಯಾಡಿನ ಮೂಲಧರ್ಮ ನುಡಿಯುವುದಲ್ಲ, ಕೇಳುವುದು. ಕೊಳ್ಳುವವರು ಈ ಮಾತನ್ನು ಮರೆಯದಿದ್ದರೆ ಅರ್ಧ ಹಣ ಉಳಿದಂತೆಯೇ ಸರಿ.

ಅಂಗಡಿಗಳಲ್ಲಿ ಮಾತ್ರ ವ್ಯಾಪಾರವೆಲ್ಲ ದನಿಗಳ ಎಣಿಕೆಯ ಮೇಲೆ ನಡೆಯುತ್ತದೆ. ನನ್ನ ವಿದ್ಯಾರ್ಥಿಯೊಬ್ಬನ ತಂದೆ ಬಸ್ಸಿನ ಕಂಡಕ್ಟರು, ಹಾವೇರಿಯ ಕಡೆಯವರು. ಹಬ್ಬದ ಮುಂಗಡದ ಹಣವನ್ನು ಒಳಜೇಬಿನಲ್ಲಿಟ್ಟುಕೊಂಡು ಮಗನೊಡನೆ ಪ್ಯಾಡು ಕೊಳ್ಳಲು ಹೊರಟವರು, ಓದಿದವರೊಬ್ಬರು ಜೊತೆಗಿರಲೆಂದು ನನ್ನನ್ನೂ ಕರೆದೊಯ್ದಿದ್ದರು. ಅಂಗಡಿಯವರು ಒಂದು ಪ್ಯಾಡನ್ನು ಮುಂದಿಟ್ಟು, “ಯಜಮಾನ್ರೇ, ಇದರಲ್ಲಿ ಐನೂರು ದನಿ ಇದೆ” ಎಂದರು. ಹುಡುಗನ ಕಣ್ಣು ಅರಳಿತು. ಆ ಹಿರಿಯರು ಕಡ್ಡಿ ತೆಗೆದುಕೊಂಡು ಒಮ್ಮೆ ಮೆಲ್ಲಗೆ, ಒಮ್ಮೆ ಬಲವಾಗಿ, ಮತ್ತೊಮ್ಮೆ ಮೆಲ್ಲಗೆ ಬಡಿದರು. ಮೂರು ಸಲವೂ ಹೊರಟದ್ದು ಒಂದೇ ಸದ್ದು. “ಮೆಲ್ಲಗ ಬಡದ್ರೂ ಅಷ್ಟ, ಜೋರ್ ಬಡದ್ರೂ ಅಷ್ಟ. ಇದಕ್ಕ ಕಿವೀನ ಇಲ್ಲೇನ್ರಿ?” ಎಂದು ಅವರು ಕೇಳಿದ ಪ್ರಶ್ನೆಗೆ ಅಂಗಡಿಯವರಲ್ಲಿ ಉತ್ತರವಿರಲಿಲ್ಲ. ಪ್ರಾಯದಲ್ಲಿ ಊರಿನ ಮೇಳದೊಡನೆ ಡೊಳ್ಳು ಬಾರಿಸಿದವರು ಅವರೆಂದು ನನಗೆ ತಿಳಿದದ್ದು ಆಮೇಲೆ. ಕೊನೆಗೆ ಅವರು ಕೊಂಡದ್ದು ದನಿಗಳು ಕಡಿಮೆಯಿದ್ದು ಕಿವಿ ಚುರುಕಾಗಿದ್ದ ಇನ್ನೊಂದನ್ನು.

ಈಗ ಮಾರುಕಟ್ಟೆಯ ಮೆಟ್ಟಿಲುಗಳನ್ನು ನೋಡೋಣ. ಸುರುಳಿ ಸುತ್ತಿ ಇಡಬಹುದಾದ ಸಿಲಿಕೋನ್ ಹಾಸಿನ ಪ್ಯಾಡುಗಳು ಕೆಲವೇ ಸಾವಿರಕ್ಕೆ ದೊರೆಯುತ್ತವೆ; ಅವುಗಳಲ್ಲಿ ಅನೇಕವು ಪೆಟ್ಟಿನ ಬಲಾಬಲವನ್ನು ಅರಿಯವು. ಮಕ್ಕಳ ವಿನೋದಕ್ಕೆ ಸರಿ, ಅಭ್ಯಾಸಕ್ಕಲ್ಲ. ಹತ್ತು ಸಾವಿರದ ಆಸುಪಾಸಿನಲ್ಲಿ ಬೆರಳಿನಿಂದ ನುಡಿಸುವ ಹದಿನಾರು ಚೌಕಗಳ ಪುಟ್ಟ ಫಲಕಗಳುಂಟು; ಅಕಾಯ್ ಸಂಸ್ಥೆಯ ಎಂಪಿಡಿ–218 ಈ ಬಗೆಯದು. ಇವಕ್ಕೆ ಸ್ವಂತ ದನಿಯಿಲ್ಲ, ಕಂಪ್ಯೂಟರಿನ ಸಂಗವಿಲ್ಲದೆ ಇವು ಮೂಕ. ಕಂಪ್ಯೂಟರಿನಲ್ಲಿ ಹಾಡು ಕಟ್ಟುವವರಿಗೆ ಇವು ಉತ್ತಮ; ಕಡ್ಡಿ ಹಿಡಿಯುವ ಕೈಗೆ ಇವುಗಳಿಂದ ಲಾಭವಿಲ್ಲ. ಸುಮಾರು ಇಪ್ಪತ್ತು ಸಾವಿರದಿಂದ ಮೇಲಕ್ಕೆ ಕಡ್ಡಿಯಿಂದ ಬಾರಿಸುವ, ಸ್ವಂತ ದನಿಯುಳ್ಳ ಪ್ಯಾಡುಗಳು ಆರಂಭವಾಗುತ್ತವೆ. ಅಲೆಸಿಸ್ ಸಂಸ್ಥೆಯ ಸ್ಯಾಂಪಲ್‌ಪ್ಯಾಡ್ ಪ್ರೊ ಎಂಬುದರಲ್ಲಿ ಎಂಟು ಪ್ಯಾಡುಗಳಿದ್ದು, ಮೆಮೊರಿ ಕಾರ್ಡಿನ ಮೂಲಕ ನಮಗೆ ಬೇಕಾದ ದನಿಯನ್ನು ತುಂಬಿಕೊಳ್ಳಬಹುದು. ತಮಟೆಯ ಅಥವಾ ಡೊಳ್ಳಿನ ಪೆಟ್ಟನ್ನು ತಾವೇ ಮುದ್ರಿಸಿಕೊಂಡು ಅದರಲ್ಲಿ ಕೂರಿಸಲು ಬಯಸುವವರಿಗೆ ಇದೊಂದು ಭಾಗ್ಯ. ಆರ್ಕೆಸ್ಟ್ರಾದವರು ಮೆಚ್ಚುವ ರೋಲೆಂಡಿನ ಬೆಲೆಯಾದರೋ ಇನ್ನೂ ಮೇಲಿನ ಮಾತು.

ಒಂದು ಎಚ್ಚರಿಕೆ. ಮೃದಂಗವನ್ನೋ ತಬಲೆಯನ್ನೋ ಕಲಿಯುತ್ತಿರುವ ಮಗುವಿಗೆ ಕಡ್ಡಿಯ ಪ್ಯಾಡನ್ನು ಅಭ್ಯಾಸಕ್ಕೆಂದು ಕೊಡಿಸಬೇಡಿ. ಕರಣೆಯ ಮೇಲೆ ಬೆರಳು ಎಲ್ಲಿ ಬೀಳಬೇಕು, ಮೀಟು ಹೇಗೆ ಮೂಡಬೇಕು ಎಂಬ ವಿದ್ಯೆಯನ್ನು ರಬ್ಬರು ಕಲಿಸಲಾರದು.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆಗಳು ನಾಲ್ಕು. ಹೆಡ್‌ಫೋನ್ ಧರಿಸಿಯೇ ಇವನ್ನು ನಡೆಸಬೇಕು. ಅಂಗಡಿಯ ದೊಡ್ಡ ಸ್ಪೀಕರಿನಲ್ಲಿ ಎಲ್ಲ ಪ್ಯಾಡುಗಳೂ ಗಂಧರ್ವರೇ. ಮೊದಲನೆಯದು, ಕೇಳಿಸಿಯೂ ಕೇಳಿಸದಂಥ ಪೆಟ್ಟಿನಿಂದ ಆರಂಭಿಸಿ ಮೆಲ್ಲಮೆಲ್ಲನೆ ಬಲ ಏರಿಸುತ್ತ ಹೋಗುವುದು. ದನಿಯೂ ಏಣಿ ಹತ್ತಿದಂತೆ ಏರಬೇಕು. ಮೊದಲು ಮೌನ, ಅನಂತರ ಒಮ್ಮೆಲೇ ಅಬ್ಬರ ಎಂಬಂತಾಗಬಾರದು. ಎರಡನೆಯದು, ಎರಡೂ ಕಡ್ಡಿಗಳಿಂದ ಒಂದೇ ಪ್ಯಾಡಿನ ಮೇಲೆ ದ್ರುತಗತಿಯಲ್ಲಿ ಬಾರಿಸುವುದು. ಪೆಟ್ಟುಗಳು ನುಂಗಿಹೋಗಬಾರದು, ಒಂದು ಎರಡಾಗಿಯೂ ಕೇಳಿಸಬಾರದು. ಮೂರನೆಯದು, ಒಂದು ಪ್ಯಾಡಿಗೆ ಬಲವಾಗಿ ಹೊಡೆದು ಪಕ್ಕದ ಪ್ಯಾಡು ತಾನಾಗಿ ನುಡಿಯುತ್ತದೆಯೇ ಎಂದು ಕಿವಿಗೊಡುವುದು. ನಾಲ್ಕನೆಯದು, ಪ್ಯಾಡಿನ ನಡುವೆಯೂ ಅಂಚಿನಲ್ಲಿಯೂ ಬಾರಿಸಿ ಹೋಲಿಸುವುದು. ಕೆಲವು ದೋಷಗಳನ್ನು ಯಂತ್ರದ ಒಳಹೊಂದಿಕೆಗಳಿಂದ ಸರಿಪಡಿಸಬಹುದು. ಮಾರುವವರಿಂದಲೇ ಅದನ್ನು ಮಾಡಿಸಿ ನೋಡಿ. ಕುಣಿಯಲಾರದವಳು ನೆಲ ಡೊಂಕೆಂದಳೆಂದು ನಾವು ನಗುತ್ತೇವೆ. ಅಗ್ಗದ ಪ್ಯಾಡುಗಳ ಮಟ್ಟಿಗೆ ಮಾತ್ರ ನೆಲ ನಿಜವಾಗಿಯೇ ಡೊಂಕಾಗಿರುವುದುಂಟು. ಹಾಗಾದಾಗ ದಂಡ ತೆರುವುದು ಕಲಿಯುವ ಮಗು. ಮೆಲ್ಲಗೆ ಬಾರಿಸಿದ್ದು ಕೇಳಿಸದೆ ಹೋದರೆ ಅದು ಬಡಿಯುವುದನ್ನೇ ಕಲಿಯುತ್ತದೆ. ಆ ಅಭ್ಯಾಸ ಮುಂದೆ ನಿಜವಾದ ಡ್ರಮ್ಮಿನ ಮುಂದೆ ಕೂತಾಗಲೂ ಕೈಬಿಡುವುದಿಲ್ಲ.

ಇನ್ನು ಪೆಟ್ಟಿಗೂ ದನಿಗೂ ನಡುವಣ ವಿಳಂಬ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಹತ್ತು ಮಿಲಿಸೆಕೆಂಡಿನ ವಿಳಂಬವೆಂದರೆ ಮೂರೂವರೆ ಮೀಟರ್ ದೂರದಲ್ಲಿ ನಿಂತು ವಾದ್ಯವನ್ನು ಕೇಳಿದಂತೆ. ಇದನ್ನು ಕಿವಿ ಸಹಿಸುತ್ತದೆ. ನಿಮಿಷಕ್ಕೆ 120 ಪೆಟ್ಟಿನ ಗತಿಯಲ್ಲಿ ಒಂದು ಪೆಟ್ಟಿನ ಅವಧಿ 500 ಮಿಲಿಸೆಕೆಂಡು. ಚತುರಶ್ರ ನಡೆಯಲ್ಲಿ ಅದನ್ನು ನಾಲ್ಕಾಗಿ ಒಡೆದರೆ ಒಂದು ಅಕ್ಷರಕ್ಕೆ 125. ತಂತಿಯಿಲ್ಲದ ಬ್ಲೂಟೂತ್ ಹೆಡ್‌ಫೋನುಗಳಲ್ಲಿ ವಿಳಂಬ ಸಾಮಾನ್ಯವಾಗಿ ನೂರು ಮಿಲಿಸೆಕೆಂಡನ್ನು ಮೀರುತ್ತದೆ. ಕೈ ಒಂದು ಅಕ್ಷರದಲ್ಲಿ, ಕಿವಿ ಹಿಂದಿನ ಅಕ್ಷರದಲ್ಲಿ! ಇಂಥ ಸಾಧನದಿಂದ ಅಭ್ಯಾಸ ಮಾಡಿದರೆ ಲಯ ಕೂಡುವುದಿರಲಿ, ಇದ್ದದ್ದೂ ಕೆಡುತ್ತದೆ. ತಂತಿಯುಳ್ಳ ಹೆಡ್‌ಫೋನನ್ನೇ ಬಳಸತಕ್ಕದ್ದು.

ಧ್ವನಿಮುದ್ರಣಕ್ಕೆ ಎರಡು ದಾರಿಗಳುಂಟು. ಪ್ಯಾಡಿನಿಂದ ಹೊರಡುವ ದನಿಯನ್ನೇ ತಂತಿಯ ಮೂಲಕ ಆಡಿಯೋ ಇಂಟರ್‌ಫೇಸ್ ಎಂಬ ಪೆಟ್ಟಿಗೆಗೆ ಕೊಟ್ಟು ಕಂಪ್ಯೂಟರಿನಲ್ಲಿ ಹಿಡಿಯುವುದು ಒಂದು. ಆಡಾಸಿಟಿಯಂಥ ಉಚಿತ ತಂತ್ರಾಂಶ ಇದಕ್ಕೆ ಸಾಕು. ಯುಎಸ್‌ಬಿ ತಂತಿಯ ಮೂಲಕ ಪೆಟ್ಟುಗಳ ಲೆಕ್ಕವನ್ನಷ್ಟೇ ಕಳುಹಿಸುವುದು ಇನ್ನೊಂದು. 1991ರ ಸಾಮಾನ್ಯ ಮಿಡಿ ಒಪ್ಪಂದದಂತೆ 36 ಎಂದರೆ ಬೇಸ್ ಡ್ರಮ್, 38 ಎಂದರೆ ಸ್ನೇರ್, 42 ಎಂದರೆ ಮುಚ್ಚಿದ ಹೈ–ಹ್ಯಾಟ್. ಇಂದು ಬಾರಿಸಿದ ಲೆಕ್ಕಕ್ಕೆ ನಾಳೆ ಬೇರೊಂದು ಡ್ರಮ್ಮಿನ ದನಿಯನ್ನು ತೊಡಿಸಬಹುದು. ತಪ್ಪಿದ ಒಂದು ಪೆಟ್ಟನ್ನು ಮಾತ್ರ ತಿದ್ದಬಹುದು. ಹೈಡ್ರೋಜನ್ ಎಂಬ ಉಚಿತ ತಂತ್ರಾಂಶದಲ್ಲಿ ಡ್ರಮ್ಮಿನ ದನಿಗಳು ಬೇಕಾದಷ್ಟಿವೆ. ಪ್ಯಾಡಿನೊಳಗಿನ ದನಿಗಳ ಸಂಖ್ಯೆಗೆ ಹಣ ಸುರಿಯಬೇಡಿರೆಂದು ಹೇಳಿದ್ದು ಇದಕ್ಕೇ. ಅಗ್ಗದ ಪ್ಯಾಡುಗಳ ಯುಎಸ್‌ಬಿ ಕಿಂಡಿಯಲ್ಲಿ ಹಲವು ವೇಳೆ ಲೆಕ್ಕ ಮಾತ್ರ ಹೋಗುತ್ತದೆ, ದನಿ ಹೋಗುವುದಿಲ್ಲ. ಕೊಳ್ಳುವ ಮುನ್ನವೇ ಕೇಳಿ ತಿಳಿಯಿರಿ. ಕಾಲಿನ ಪೆಡಲಿಗೆ ಕಿಂಡಿಯಿದೆಯೇ ಎಂಬುದನ್ನೂ ನೋಡಿ. ಕೈ ಮಾತ್ರ ಕಲಿತು ಕಾಲು ಕಲಿಯದ ಡ್ರಮ್ಮರು ಅರ್ಧ ಡ್ರಮ್ಮರು.

ಹೆಡ್‌ಫೋನ್ ಹಾಕಿದ ಮಾತ್ರಕ್ಕೆ ಮನೆ ನಿಶ್ಶಬ್ದವಾಯಿತೆಂದು ಭಾವಿಸಬೇಡಿ. ಕಡ್ಡಿಯ ಟಕಟಕ ಕೋಣೆಯೊಳಗೇ ಉಳಿಯಬಹುದು. ಪೆಡಲಿನ ಗುದ್ದು ಮಾತ್ರ ನೆಲದ ಮೂಲಕ ಇಳಿದು ಕೆಳಗಿನ ಮನೆಯವರ ತಲೆಯ ಮೇಲೆ ಬೀಳುತ್ತದೆ. ಹಳೆಯ ಟೆನಿಸ್ ಚೆಂಡುಗಳನ್ನು ಎರಡು ಹೋಳು ಮಾಡಿ ಹಲಗೆಯ ಅಡಿಗೆ ಕೂರಿಸಿ, ಅದರ ಮೇಲೆ ಪೆಡಲನ್ನಿಟ್ಟರೆ ಗುದ್ದು ಬಹುಮಟ್ಟಿಗೆ ತಗ್ಗುತ್ತದೆ. ಕಿವಿಯನ್ನೂ ಕಾಯಬೇಕು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಶೋಧನ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ಕೇಳಬಹುದು. ಪ್ರತಿ ಮೂರು ಡೆಸಿಬೆಲ್ ಏರಿದಂತೆ ಅವಧಿ ಅರ್ಧವಾಗುತ್ತ, 94ಕ್ಕೆ ಒಂದೇ ಗಂಟೆ ಉಳಿಯುತ್ತದೆ. ಮಾತಾಡಿಸಿದರೆ ಮಗುವಿಗೆ ಕೇಳಿಸದಷ್ಟು ದನಿಯಿದ್ದರೆ ಗುಂಡಿಯನ್ನು ತಿರುಗಿಸಿ ತಗ್ಗಿಸಿ.

ಹಣದ ಮಾತನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಪ್ಯಾಡಿನ ಬೆಲೆಯೊಡನೆ ಸ್ಟ್ಯಾಂಡು, ಪೆಡಲು, ಹೆಡ್‌ಫೋನು ಎಂಬ ಪರಿವಾರದ ಖರ್ಚೂ ಕೂಡುತ್ತದೆ. ಬಳಸಿದ ಪ್ಯಾಡನ್ನು ಆರ್ಕೆಸ್ಟ್ರಾದವರಿಂದ ಕೊಳ್ಳಬಹುದು. ಆದರೆ ಪ್ರತಿಯೊಂದು ಪ್ಯಾಡನ್ನೂ, ಪ್ರತಿಯೊಂದು ಗುಂಡಿಯನ್ನೂ, ಪ್ರತಿಯೊಂದು ಕಿಂಡಿಯನ್ನೂ ಪರೀಕ್ಷಿಸಿದ ಮೇಲೆ. ಕಂತಿನ ಸಾಲಕ್ಕೆ ಸಹಿ ಹಾಕುವುದಕ್ಕಿಂತ ಮುಂಚೆ ಒಂದು ಜೊತೆ ಕಡ್ಡಿ, ವಿದ್ಯುತ್ತಿಲ್ಲದ ರಬ್ಬರಿನ ಅಭ್ಯಾಸ ಫಲಕ, ಮೊಬೈಲಿನಲ್ಲಿ ಉಚಿತವಾಗಿ ಸಿಗುವ ಮೆಟ್ರೋನೋಮು, ಇಷ್ಟನ್ನು ಕೊಡಿಸಿ ಮೂರು ತಿಂಗಳು ನೋಡಿ. ಮಗುವಿನ ಆಸೆ ಕರಗಿದರೆ ಹೋದದ್ದು ಒಂದೆರಡು ಸಾವಿರ. ಆಸೆ ನಿಂತರೆ, ಆ ಕೈ ಒಳ್ಳೆಯ ಪ್ಯಾಡಿಗೆ ಅರ್ಹವಾಗಿರುತ್ತದೆ.

ಪ್ಯಾಡು ಮನೆಗೆ ಬಂದ ಮೇಲೆ ಇನ್ನೊಂದು ಕರ್ತವ್ಯ ಉಳಿಯುತ್ತದೆ. ಹೆಡ್‌ಫೋನಿನೊಳಗೆ ಬಾರಿಸುವ ಮಗುವಿನ ಸಂಗೀತವನ್ನು ಅದರ ಹೊರತು ಯಾರೂ ಕೇಳುವುದಿಲ್ಲ. ಹೊರಗಿನವರಿಗೆ ಕಾಣುವುದು ತಲೆದೂಗುತ್ತ ರಬ್ಬರು ತಟ್ಟುವ ಒಂದು ಮೌನಮೂರ್ತಿ. ಮೆಚ್ಚುವವರಿಲ್ಲದ, ತಿದ್ದುವವರಿಲ್ಲದ ವಿದ್ಯೆ ಬೇಗ ಬೇಸರವಾಗುತ್ತದೆ. ಆದ್ದರಿಂದ ವಾರಕ್ಕೊಮ್ಮೆ, ಭಾನುವಾರ ಸಂಜೆ ಕಾಲುಗಂಟೆಯ ಮಟ್ಟಿಗೆ, ಹೆಡ್‌ಫೋನನ್ನು ತೆಗೆಸಿ ಒಂದು ಪುಟ್ಟ ಸ್ಪೀಕರಿಗೆ ತಂತಿ ಸಿಕ್ಕಿಸಿ. ಮನೆಯವರೆಲ್ಲ ಕೂತು ಕೇಳಿ. ಕೆಳಗಿನ ಮನೆಯವರನ್ನೂ ಅಂದು ಕಾಫಿಗೆ ಕರೆಯಿರಿ.