ಇಳಿಯದೆ ಮೇಲೇರಿದ ವಿಮಾನ

‘ಕೂದಲೆಳೆಯ ಅಂತರದಲ್ಲಿ ಪಾರು’ ಎಂಬ ನುಡಿ ನಮ್ಮ ಪತ್ರಿಕೆಗಳಲ್ಲಿ ಎಷ್ಟು ಸವೆದುಹೋಗಿದೆಯೆಂದರೆ, ಈಗ ಅದನ್ನು ಓದುವಾಗ ಕೂದಲೂ ಕಾಣುವುದಿಲ್ಲ, ಅಂತರವೂ ಕಾಣುವುದಿಲ್ಲ. ವಿಮಾನವೊಂದು ರನ್‌ವೇಯ ಸಮೀಪಕ್ಕೆ ಬಂದು, ನೆಲವನ್ನು ಮುಟ್ಟದೆ ಮತ್ತೆ ಮೇಲಕ್ಕೇರಿ, ಒಂದು ಸುತ್ತು ಹಾಕಿ, ಹದಿನೈದು ನಿಮಿಷಗಳ ಬಳಿಕ ಸುಖವಾಗಿ ಇಳಿಯಿತೆಂದರೆ ಮರುದಿನ ಬೆಳಿಗ್ಗೆ ಈ ನುಡಿ ಅಚ್ಚಾಗಿ ಮನೆಬಾಗಿಲಿಗೆ ಬಂದಿರುತ್ತದೆ. ಸುದ್ದಿವಾಹಿನಿಗಳ ಮಾತಂತೂ ಹೇಳುವಂತೆಯೇ ಇಲ್ಲ. ಯಾರೋ ಪ್ರಯಾಣಿಕರು ಮೊಬೈಲಿನಲ್ಲಿ ಹಿಡಿದ ಅರ್ಧ ನಿಮಿಷದ ಚಿತ್ರವನ್ನೇ ಹಿಂದೆಮುಂದೆ ಓಡಿಸಿ, ಹಿನ್ನೆಲೆಯಲ್ಲಿ ರಣವಾದ್ಯದಂಥ ಸದ್ದನ್ನು ಸೇರಿಸಿ, ಸಾವಿನ ದವಡೆಯಿಂದ ಎದ್ದು ಬಂದವರ ಕಥೆಯನ್ನಾಗಿ ಅದನ್ನು ಮಾಡುತ್ತಾರೆ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಆದ ಘೋರ ದುರಂತದ ಅನಂತರ ಇಂತಹ ಸುದ್ದಿಗಳ ಹಸಿವು ಇನ್ನೂ ಹೆಚ್ಚಿತು.

ನಮ್ಮ ಪಿ.ಜೆ. ಬಡಾವಣೆಯ ಮನೆಗಳಿಗೂ ವಿಮಾನವೆಂಬುದು ಈಗ ದೂರದ ವಸ್ತುವಲ್ಲ. ದಾವಣಗೆರೆಗೆ ವಿಮಾನ ನಿಲ್ದಾಣವಿಲ್ಲದಿದ್ದರೂ ಬೆಂಗಳೂರು, ಹುಬ್ಬಳ್ಳಿಗಳು ಇವೆ. 2023ರ ಆಗಸ್ಟ್ 31ರಿಂದ ಶಿವಮೊಗ್ಗದ ಸೋಗಾನೆಯಲ್ಲಿಯೂ ವಿಮಾನಗಳು ಇಳಿಯತೊಡಗಿದವು. ಮಲೆನಾಡಿನ ಮಂಜು, ಮೋಡಗಳ ದೆಸೆಯಿಂದ ಅಲ್ಲಿಗೆ ಹೊರಟ ವಿಮಾನವು ಇಳಿಯಲಾಗದೆ ಬೆಂಗಳೂರಿಗೆ ಮರಳಿದ ಸಂಗತಿಯನ್ನೂ ನಾವು ಓದಿದ್ದೇವೆ. ಇಂತಹದೇ ಒಂದು ವರದಿಯನ್ನು ಓದಿದ ನಮ್ಮ ಬಡಾವಣೆಯ ಗೃಹಿಣಿಯೊಬ್ಬರು, “ಗುರುಗಳೇ, ಮಗಳು ಅಳಿಯಂದಿರು ವಿಮಾನದಲ್ಲಿಯೇ ಬರುತ್ತೇವೆ ಎನ್ನುತ್ತಾರೆ. ಬೇಡವೆಂದು ಹೇಳಿಬಿಡಲೇ?” ಎಂದು ಕೇಳಿದರು. ಶಾಸ್ತ್ರಗ್ರಂಥಗಳನ್ನು ಓದಿದವನಿಗೆ ವಿಮಾನದ ಗೊಡವೆ ಏಕೆಂದು ಕೆಲವರು ನಗಬಹುದು. ಆದರೆ ತಾಯಿಯೊಬ್ಬಳ ಭಯವು ಒಂದು ಶಬ್ದದ ತಪ್ಪು ಬಳಕೆಯಿಂದ ಹುಟ್ಟಿದ್ದಾದರೆ, ಆ ಶಬ್ದವನ್ನು ಪರಿಶೀಲಿಸುವುದು ಪಂಡಿತನ ಕೆಲಸವೇ ಆಗುತ್ತದೆ.

ಆ ಶಬ್ದ ಯಾವುದೆಂದರೆ ‘ವಿಫಲ’. ‘ಇಳಿಯಲು ವಿಫಲವಾದ ವಿಮಾನ’ ಎಂದು ಬರೆಯುವುದು ರೂಢಿಯಾಗಿದೆ. ವೈಮಾನಿಕರು ಈ ಕ್ರಿಯೆಯನ್ನು ‘ಗೋ-ಅರೌಂಡ್’ ಎಂದು ಕರೆಯುತ್ತಾರೆ. ಸುತ್ತಿಕೊಂಡು ಬಾ ಎಂಬುದಷ್ಟೇ ಅದರ ಅರ್ಥ. ಅದರಲ್ಲಿ ಸೋಲಿನ ಸುಳಿವು ಎಳ್ಳಷ್ಟೂ ಇಲ್ಲ. ಕನ್ನಡದಲ್ಲಿ ಇದಕ್ಕೆ ‘ಮರುಸುತ್ತು’ ಎಂದರೆ ಸಾಕೆಂಬುದು ನನ್ನ ಅಭಿಪ್ರಾಯ. ಮಾಡಹೊರಟ ಕಾರ್ಯವು ಕೈಗೂಡದಿದ್ದರೆ ಅದು ವೈಫಲ್ಯ. ಕಾರ್ಯವನ್ನು ಈ ಕ್ಷಣದಲ್ಲಿ ಮಾಡುವುದು ತರವಲ್ಲವೆಂದು ಬಲ್ಲವನು ತಾನಾಗಿಯೇ ಕೈಬಿಟ್ಟರೆ ಅದು ನಿರ್ಣಯ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಭಾಷೆಗೂ ಅಪಚಾರ, ಆ ಚಾಲಕನಿಗೂ ಅಪಚಾರ.

ಮರುಸುತ್ತಿಗೆ ಕಾರಣಗಳು ಬಹುತೇಕ ಸಾಮಾನ್ಯವಾದವುಗಳೇ. ಮುಂದೆ ಇಳಿದ ವಿಮಾನವು ಇನ್ನೂ ರನ್‌ವೇಯಿಂದ ಹೊರಳಿ ಹೋಗಿರುವುದಿಲ್ಲ. ಗಾಳಿ ಒಮ್ಮೆಲೇ ದಿಕ್ಕು ಬದಲಿಸುತ್ತದೆ. ಮಳೆಯಲ್ಲಿ ದೀಪಸಾಲು ಕಾಣಿಸುವುದಿಲ್ಲ. ನಾಯಿಯೊಂದು ರನ್‌ವೇಗೆ ಅಡ್ಡ ಬಂದಿರುತ್ತದೆ. ಇದೆಲ್ಲಕ್ಕಿಂತ ಮುಖ್ಯವಾದ ಕಾರಣವೊಂದಿದೆ. ಇಳಿಯುವ ವಿಮಾನವು ನೆಲದಿಂದ ಒಂದು ಗೊತ್ತಾದ ಎತ್ತರಕ್ಕೆ, ಮೋಡ ಮುಸುಕಿದಾಗ ಸಾಮಾನ್ಯವಾಗಿ 1,000 ಅಡಿಗೆ, ಬಯಲು ನಿಚ್ಚಳವಾಗಿದ್ದರೆ 500 ಅಡಿಗೆ ಬರುವಷ್ಟರಲ್ಲಿ ಅದರ ವೇಗ, ಇಳಿಯುವ ರಭಸ, ದಿಕ್ಕು, ಚಕ್ರ, ರೆಕ್ಕೆಯ ಪಟ್ಟಿಗಳು ಎಲ್ಲವೂ ಹದಕ್ಕೆ ಬಂದಿರಬೇಕು. ಬಂದಿಲ್ಲವಾದರೆ ಇಳಿಯಬಾರದು. ಇದು ಚಾಲಕನ ಇಚ್ಛೆಗೆ ಬಿಟ್ಟ ಮಾತಲ್ಲ, ನಿಯಮ. ಇಳಿಯುವ ಮುನ್ನವೇ ಚಾಲಕರಿಬ್ಬರೂ, ಇಳಿಯಲಾಗದಿದ್ದರೆ ಯಾವ ಎತ್ತರಕ್ಕೆ, ಯಾವ ಕಡೆಗೆ ಏರಬೇಕೆಂಬುದನ್ನು ಪರಸ್ಪರ ಹೇಳಿಕೊಂಡಿರುತ್ತಾರೆ. ಆ ದಾರಿ ನಕ್ಷೆಯಲ್ಲಿ ಮೊದಲೇ ಬರೆದಿರುತ್ತದೆ. ಬೇರೊಂದು ನಿಲ್ದಾಣಕ್ಕೆ ಹೋಗುವಷ್ಟು, ಅದರ ಮೇಲೆ ಇನ್ನೂ ಅರ್ಧ ಗಂಟೆ ಹಾರುವಷ್ಟು ಇಂಧನವನ್ನು ಇಟ್ಟುಕೊಂಡೇ ಜೆಟ್ ವಿಮಾನ ಹೊರಟಿರುತ್ತದೆ.

ಒಳಗೆ ಕುಳಿತವರಿಗೆ ಇದಾವುದೂ ತಿಳಿಯುವುದಿಲ್ಲ. ನೆಲ ಇನ್ನೇನು ಬಂತೆನ್ನುವಾಗ ಎಂಜಿನ್ ಗರ್ಜಿಸುತ್ತದೆ, ಮೂತಿ ಮೇಲೇಳುತ್ತದೆ, ಬೆನ್ನು ಆಸನಕ್ಕೆ ಒತ್ತುತ್ತದೆ. ಎದೆ ಧಸಕ್ಕೆನ್ನುವುದು ಸಹಜ. ಚಾಲಕನಿಂದ ಕೆಲವು ನಿಮಿಷ ಒಂದು ಮಾತೂ ಬರುವುದಿಲ್ಲ. ಏಕೆಂದರೆ ಮೊದಲು ವಿಮಾನವನ್ನು ಹಿಡಿಯಬೇಕು, ಆಮೇಲೆ ದಾರಿ, ಮಾತು ಕೊನೆಗೆ ಎಂಬುದು ಅವರ ಶಿಕ್ಷಣದ ಕ್ರಮ. ಆ ಕೆಲವು ನಿಮಿಷಗಳ ಮೌನದಲ್ಲಿಯೇ ಮರುದಿನದ ಶೀರ್ಷಿಕೆ ಹುಟ್ಟುತ್ತದೆ.

ಇಷ್ಟೇ ಆಗಿದ್ದರೆ ಇದನ್ನು ಪತ್ರಿಕೆಯವರ ಅತ್ಯುತ್ಸಾಹವೆಂದು ಸುಮ್ಮನಿರಬಹುದಾಗಿತ್ತು. ಆದರೆ ನಮ್ಮ ನಾಡಿನಲ್ಲಿಯೇ, ಮಾಡಬೇಕಾಗಿದ್ದ ಮರುಸುತ್ತನ್ನು ಮಾಡದೆ ಇಳಿದುದರಿಂದ 158 ಜೀವಗಳು ಹೋಗಿವೆ. 2010ರ ಮೇ 22ರ ಬೆಳಗಿನ ಜಾವ ದುಬೈಯಿಂದ ಮಂಗಳೂರಿನ ಬಜಪೆಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದಲ್ಲಿ ಒಟ್ಟು 166 ಜನರಿದ್ದರು. ಉಳಿದವರು ಎಂಟೇ ಜನ. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಎಷ್ಟೋ ಮನೆಗಳ ದೀಪ ಅಂದು ಆರಿತು.

ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ನೇತೃತ್ವದ ವಿಚಾರಣಾ ಸಮಿತಿಯ ವರದಿಯನ್ನು ಓದಿದವರಿಗೆ ಆ ಕೊನೆಯ ನಿಮಿಷಗಳು ಮರೆಯುವಂಥವಲ್ಲ. ಕ್ಯಾಪ್ಟನ್ ದೀರ್ಘಕಾಲ ನಿದ್ರೆಯಲ್ಲಿದ್ದು ಎಚ್ಚತ್ತಿದ್ದರು. ಮಂಗಳೂರಿನ ರಾಡಾರ್ ಎರಡು ದಿನಗಳಿಂದ ಕೆಲಸ ಮಾಡುತ್ತಿರಲಿಲ್ಲವಾದ್ದರಿಂದ ವಿಮಾನವು ಕೆಳಗಿಳಿಯಲು ತೊಡಗಿದ್ದೇ ತಡವಾಯಿತು. ಅಂತಿಮ ಹಾದಿಗೆ ಬಂದಾಗ ಅದು ಇರಬೇಕಾದುದಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ ಎತ್ತರದಲ್ಲಿತ್ತು. ಯಂತ್ರವೇ ಎಚ್ಚರಿಕೆಯ ಕೂಗು ಹಾಕುತ್ತಿತ್ತು. ಪಕ್ಕದಲ್ಲಿದ್ದ ಸಹಚಾಲಕ ಒಂದಲ್ಲ, ಮೂರು ಬಾರಿ ‘ಗೋ-ಅರೌಂಡ್’ ಎಂದು ನುಡಿದರು. ಕ್ಯಾಪ್ಟನ್ ಇಳಿಸಿಯೇಬಿಟ್ಟರು. 2,450 ಮೀಟರ್ ಉದ್ದದ ರನ್‌ವೇಯಲ್ಲಿ ಸುಮಾರು 1,600 ಮೀಟರ್ ಕಳೆದ ಮೇಲೆ ಚಕ್ರಗಳು ನೆಲ ಮುಟ್ಟಿದವು. ನಿಲ್ಲಿಸಲು ಎಂಜಿನ್‌ಗಳನ್ನು ಹಿಮ್ಮುಖ ಮಾಡಿದ ಬಳಿಕ ಮನಸ್ಸು ಬದಲಿಸಿ ಮತ್ತೆ ಮೇಲೇರಲು ಯತ್ನಿಸಿದರು. ಹಿಮ್ಮುಖ ಮಾಡಿದ ಮೇಲೆ ನಿಂತೇ ತೀರಬೇಕೆಂಬುದು ಬೋಯಿಂಗ್ ಕಂಪನಿಯ ನಿಯಮ. ಗುಡ್ಡದ ತಲೆಯನ್ನು ಸಮತಟ್ಟು ಮಾಡಿ ಕಟ್ಟಿದ ಆ ನಿಲ್ದಾಣದ ಅಂಚಿನಾಚೆ ಕಣಿವೆ.

ಆ ಗುಡ್ಡ ಮೊದಲೇ ಎಚ್ಚರಿಕೆ ಕೊಟ್ಟಿತ್ತು. 1981ರ ಆಗಸ್ಟ್ 19ರಂದು ಇಂಡಿಯನ್ ಏರ್‌ಲೈನ್ಸ್ ವಿಮಾನವೊಂದು ಮಳೆಯಲ್ಲಿ ಬಜಪೆಯ ಹಳೆಯ ರನ್‌ವೇಯನ್ನು ದಾಟಿ ಅಂಚಿನಲ್ಲಿ ನಿಂತಿತ್ತು. ಯಾರ ಪ್ರಾಣವೂ ಹೋಗಲಿಲ್ಲ. ಪ್ರಯಾಣಿಕರಲ್ಲಿ ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರೂ ಇದ್ದರು ಎಂಬುದು ನಮ್ಮ ಹಿರಿಯ ಓದುಗರಲ್ಲಿ ಕೆಲವರಿಗೆ ನೆನಪಿರಬಹುದು. ‘ಕೂದಲೆಳೆ’ಯ ಮಾತು ನಿಜವಾಗಿ ಸಲ್ಲುವುದು ಅಂತಹ ಘಟನೆಗೆ.

ಮಂಗಳೂರಿನ ವರದಿಯಲ್ಲಿ ಇನ್ನೊಂದು ವಾಕ್ಯವಿದೆ. ಮರುಸುತ್ತನ್ನು ಸಹಚಾಲಕನೇ ಆರಂಭಿಸಬಹುದೆಂಬ ಬಗ್ಗೆ ಸೂಚನೆಗಳಲ್ಲಿ ಸಂದಿಗ್ಧತೆ ಇದ್ದುದರಿಂದಲೋ ಏನೋ, ಆತ ಪದೇಪದೇ ಹೇಳಿದರೂ ಚುಕ್ಕಾಣಿಯನ್ನು ಮಾತ್ರ ಕೈಗೆ ತೆಗೆದುಕೊಳ್ಳಲಿಲ್ಲ ಎಂಬ ಅಭಿಪ್ರಾಯದ ವಾಕ್ಯ. ಇದನ್ನು ಓದಿದಾಗ ನನಗೆ ನಮ್ಮ ಮನೆಗಳೇ ನೆನಪಾದವು. ಹಿರಿಯರ ಎದುರಿಗೆ ಕಿರಿಯನು ಸತ್ಯವನ್ನು ಮೂರು ಸಾರಿ ಹೇಳುತ್ತಾನೆ. ನಾಲ್ಕನೆಯ ಸಾರಿಗೆ ಕೈ ಹಿಡಿದು ತಡೆಯುವ ಧೈರ್ಯ ಅವನಿಗೆ ಬರುವುದಿಲ್ಲ. ಇದು ಭಾರತೀಯರ ದೋಷವಷ್ಟೇ ಅಲ್ಲ. 1997ರ ಆಗಸ್ಟ್ 6ರಂದು ಗುವಾಮ್ ದ್ವೀಪದಲ್ಲಿ ಕೊರಿಯದ ವಿಮಾನವು ಗುಡ್ಡಕ್ಕೆ ಬಡಿದು 228 ಜನ ಸತ್ತಾಗಲೂ, ಇಳಿಯುವುದು ಬೇಡವೆಂಬ ಕಿರಿಯರ ಮಾತು ಕ್ಯಾಪ್ಟನ್ನನಿಗೆ ತಲಪುವಷ್ಟರಲ್ಲಿ ವೇಳೆ ಮೀರಿತ್ತು.

ಮಂಗಳೂರಾದ ಹತ್ತು ವರ್ಷಗಳಿಗೆ, 2020ರ ಆಗಸ್ಟ್ 7ರಂದು, ಅದೇ ಸಂಸ್ಥೆಯ ವಿಮಾನ, ಅದೇ ದುಬೈಯಿಂದ, ಅಂಥದೇ ಗುಡ್ಡದ ಮೇಲಿನ ನಿಲ್ದಾಣವಾದ ಕೋಯಿಕ್ಕೋಡಿಗೆ ಬಂದಿತು. ಮಳೆಯಲ್ಲಿ ಗಾಜು ಒರೆಸುವ ಉಪಕರಣ ಕೈಕೊಟ್ಟ ಆ ವಿಮಾನ ಮೊದಲ ಯತ್ನದಲ್ಲಿ ಮರುಸುತ್ತನ್ನು ಮಾಡಿತು. ಅದು ಸರಿಯಾಗಿಯೇ ಇತ್ತು. ಎರಡನೆಯ ಸಲ ವಿರುದ್ಧ ದಿಕ್ಕಿನಿಂದ, ಬೆನ್ನ ಹಿಂದಿನ ಗಾಳಿಯಲ್ಲಿ ಬಂದು, ರನ್‌ವೇಯ ಅರ್ಧವನ್ನು ದಾಟಿದ ಮೇಲೆ ನೆಲ ಮುಟ್ಟಿತು. 21 ಮಂದಿ ತೀರಿಕೊಂಡರು. ಚಾಲಕರಿಬ್ಬರೂ ಉಳಿಯಲಿಲ್ಲ. ಮುಂದಿನ ವರ್ಷ ಸೆಪ್ಟೆಂಬರಿನಲ್ಲಿ ಬಂದ ತನಿಖಾ ವರದಿ ಹೇಳಿದ್ದೇನು? ಸಹಚಾಲಕ ‘ಗೋ-ಅರೌಂಡ್’ ಎಂದಿದ್ದರು, ಕ್ಯಾಪ್ಟನ್ ಕೇಳಲಿಲ್ಲ, ಸಹಚಾಲಕ ಚುಕ್ಕಾಣಿಯನ್ನು ತೆಗೆದುಕೊಳ್ಳಲಿಲ್ಲ. ಹತ್ತು ವರ್ಷದ ಹಿಂದಿನ ಕಾಗದವನ್ನೇ ನಕಲು ಮಾಡಿದಂತಿದೆ.

ಫ್ಲೈಟ್ ಸೇಫ್ಟಿ ಫೌಂಡೇಶನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಅಧ್ಯಯನದ ಪ್ರಕಾರ, ಹದ ತಪ್ಪಿದ ಇಳಿಯುವಿಕೆಗಳಲ್ಲಿ ಮರುಸುತ್ತಿಗೆ ಹೋಗುವುದು ನೂರಕ್ಕೆ ಮೂರು ಮಾತ್ರ. ಉಳಿದ ತೊಂಬತ್ತೇಳು ಹಾಗೆಯೇ ಇಳಿಯುತ್ತವೆ, ಬಹುಪಾಲು ಏನೂ ಆಗದೆ ಪಾರಾಗುತ್ತವೆ. ನಾವು ಪತ್ರಿಕೆಯಲ್ಲಿ ಓದಿ ಬೆಚ್ಚುವುದು ಆ ಮೂರನ್ನು. ಯಾರೂ ಬರೆಯದ, ಯಾರೂ ಚಿತ್ರ ಹಿಡಿಯದ ತೊಂಬತ್ತೇಳರಲ್ಲಿ ಅಪಾಯವಿದೆ. ಹರಿಹರದ ತೇರನ್ನು ಕಂಡವರಿಗೆ ಇದು ಸುಲಭವಾಗಿ ಹೊಳೆಯುತ್ತದೆ. ಎಲ್ಲರ ಕಣ್ಣು ಮಿಣಿ ಹಿಡಿದು ಎಳೆಯುವವರ ಮೇಲೆ. ಗಾಲಿಯ ಪಕ್ಕದಲ್ಲೇ ಬಗ್ಗಿ ನಡೆಯುತ್ತ, ಬೇಕಾದಾಗ ಮರದ ತುಂಡನ್ನು ಕೊಟ್ಟು ತೇರನ್ನು ತಡೆಯುವವನನ್ನು ನೋಡುವವರು ಕಡಿಮೆ. ತೇರು ನಿಂತಿತೆಂದು ಅವನನ್ನು ಹಳಿದರೆ ಮುಂದಿನ ಸಲ ಅವನ ಕೈ ಅನುಮಾನಿಸುತ್ತದೆ.

ಚಾಲಕರೂ ಮನುಷ್ಯರೇ. ಮರುಸುತ್ತಿಗೆ ಹೋದರೆ ಇಂಧನ ವ್ಯಯ, ವಿಳಂಬ, ಪ್ರಯಾಣಿಕರ ಗೊಣಗು. ಅದರ ಮೇಲೆ ಸಂಜೆಗೆ ವಾಹಿನಿಯಲ್ಲಿ ‘ಇಳಿಸಲು ಪರದಾಡಿದ ಪೈಲಟ್’ ಎಂಬ ಬಿರುದು. ಮರುಸುತ್ತು ಮಾಡಿದವನನ್ನು ದಂಡಿಸಬಾರದೆಂಬ ನೀತಿಯನ್ನು ಬಹುಪಾಲು ಸಂಸ್ಥೆಗಳು ಈಗ ಲಿಖಿತವಾಗಿ ಒಪ್ಪಿವೆ. ಸಂಸ್ಥೆಯು ಕ್ಷಮಿಸಿದ್ದನ್ನು ಸುದ್ದಿಮನೆ ದಂಡಿಸತೊಡಗಿದರೆ ಆ ನೀತಿಗೆ ಬೆಲೆಯೆಲ್ಲಿ?

ಮರುಸುತ್ತು ಸಂಪೂರ್ಣ ನಿರಪಾಯವೆಂದು ನಾನು ಹೇಳುತ್ತಿಲ್ಲ. 2000ದ ಆಗಸ್ಟ್‌ನಲ್ಲಿ ಬಹರೈನಿನಲ್ಲಿ 143 ಜನರು, 2016ರ ಮಾರ್ಚ್‌ನಲ್ಲಿ ರಷ್ಯದ ರೊಸ್ತೋವ್‌ನಲ್ಲಿ 62 ಜನರು, ವಿಮಾನಗಳು ಕತ್ತಲಲ್ಲಿ ಹೀಗೆ ಮೇಲೇರುವಾಗಲೇ ಮಡಿದರು. ತಡವಾಗಿ ಮಾಡಿದರೂ ಪ್ರಯೋಜನವಿಲ್ಲ. 1990ರ ಫೆಬ್ರವರಿ 14ರಂದು ಬೆಂಗಳೂರಿನ ಎಚ್.ಎ.ಎಲ್. ನಿಲ್ದಾಣದ ಹೊರಗೆ ಏರ್‌ಬಸ್ ಬಿದ್ದಾಗ, ಎಂಜಿನ್‌ಗೆ ಬಲ ಕೊಟ್ಟಿದ್ದು ಕೊನೆಯ ಕೆಲವೇ ಸೆಕೆಂಡುಗಳಲ್ಲಿ. ಮಂದವಾಗಿದ್ದ ಎಂಜಿನ್ ಬಲ ತುಂಬಿಕೊಳ್ಳುವಷ್ಟರಲ್ಲಿ ನೆಲ ಬಂದಿತ್ತು, 92 ಜನ ಹೋದರು. ಆದ್ದರಿಂದ ಪತ್ರಿಕೆಗಳು ಇಂತಹ ಸುದ್ದಿಯನ್ನು ಬಿಡಬೇಕೆಂದಲ್ಲ, ಸರಿಯಾಗಿ ಕೇಳಬೇಕೆಂದು ನನ್ನ ಕೋರಿಕೆ. ಮಂಗಳೂರಿನ ರಾಡಾರ್ ಕೆಟ್ಟದ್ದು ದುರಂತದ ಎರಡು ದಿನ ಮುಂಚೆಯೇ ಮುಖಪುಟಕ್ಕೆ ತಕ್ಕ ಸುದ್ದಿಯಾಗಿತ್ತು. ಅದರಲ್ಲಿ ಕಿರುಚಾಟವಿಲ್ಲ, ಚಿತ್ರವಿಲ್ಲ.

ಆ ತಾಯಿಯವರಿಗೆ, ಮಗಳು ಅಳಿಯಂದಿರು ಬರಲಿ, ಮಂಜಿದ್ದರೆ ವಿಮಾನ ಹಿಂದಿರುಗಲಿ, ಬೆಂಗಳೂರಿನಿಂದ ದಾವಣಗೆರೆಗೆ ರೈಲಿದೆ ಎಂದು ಹೇಳಿದೆನು. ನಮ್ಮ ಊರಿನ ಸುದ್ದಿಗಾರ ಮಿತ್ರರಿಗೆ ಹೇಳುವುದು ಸ್ವಲ್ಪ ಬೇರೆ. ಮುಂದಿನ ಸಲ ಸೋಗಾನೆಯಲ್ಲೋ ಹುಬ್ಬಳ್ಳಿಯಲ್ಲೋ ವಿಮಾನ ಇಳಿಯದೆ ಮೇಲೇರಿದಾಗ, ಕಾರಣವೇನು, ಎಷ್ಟು ನಿಮಿಷದ ಮೇಲೆ ಎಲ್ಲಿ ಇಳಿಯಿತು, ಆ ಹೊತ್ತಿಗೆ ನಿಲ್ದಾಣದ ದೀಪ ಮತ್ತು ಯಂತ್ರಗಳೆಲ್ಲ ಕೆಲಸ ಮಾಡುತ್ತಿದ್ದವೇ ಎಂಬುದನ್ನು ವಿಚಾರಿಸಿ ಬರೆಯಿರಿ. ಪ್ರಯಾಣಿಕರ ಕಿರುಚಾಟಕ್ಕೆ ಜಾಗ ಉಳಿದರೆ ಕೆಳಗೆ ಹಾಕಿಕೊಳ್ಳಿರಿ.